ಕರಿಯಕ್ಕ ಹುಡುಕಿದ ಗಡಿಕಲ್ಲುಗಳು

ಕರಿಯಕ್ಕ ಏಳನೇ ತರಗತಿಯವರೆಗೆ ಓದಿದ್ದಳು, ಅದೂ ಚೆನ್ನಾಗಿಯೇ ಓದಿದ್ದಳು. ಆದರೆ ಮದುವೆಯಾಗಿ ಗುಂಡ್ಲಹಟ್ಟಿಗೆ ಬಂದ ಸ್ವಲ್ಪ ದಿನಕ್ಕೇ ಅವಳಿಗೆ ಓದು ಬರಹ ಬಾರದೆಂಬುದು ಊರಿಗೆಲ್ಲ ಗೊತ್ತಾಯಿತು.

ಆದದ್ದು ಇಷ್ಟೇ. ಗುಂಡ್ಲಹಟ್ಟಿ ಮೊಳಕಾಲ್ಮೂರು ತಾಲ್ಲೂಕಿನ ಊರು. ಅವಳ ತವರು ಚೌಳಕುಂಟೆ ಅಲ್ಲಿಂದ ಒಂದು ಗುಡ್ಡದ ಆಚೆ. ಕೋಳಿ ಕೂಗಿದ ಮೇಲೆ ಹೊರಟರೆ ಬಿಸಿಲೇರುವ ಮೊದಲೇ ನಡೆದು ಸೇರಬಹುದು. ಎರಡೂ ಊರಿನ ಮನೆಮಾತು ಕನ್ನಡ, ಎರಡೂ ಊರಿನ ಹೊಲದಲ್ಲಿ ಶೇಂಗಾ, ಎರಡೂ ಕಡೆ ಹೆಣ್ಣು ಕೊಟ್ಟು ತಂದು ಮಾಡಿದ ನೆಂಟಸ್ತಿಕೆ. ಆದರೆ ಚೌಳಕುಂಟೆ ಆಂಧ್ರಕ್ಕೆ ಸೇರಿದ್ದು. ಅಲ್ಲಿನ ಶಾಲೆಯ ಕರಿಹಲಗೆಯ ಮೇಲೆ ಬೀಳುತ್ತಿದ್ದುದು ತೆಲುಗು. ಕರಿಯಕ್ಕ ಮನೆಯಲ್ಲಿ ಅವ್ವನ ಹತ್ತಿರ ಕನ್ನಡದಲ್ಲಿ ಜಗಳವಾಡಿ, ಶಾಲೆಗೆ ಹೋಗಿ ತೆಲುಗಿನಲ್ಲಿ ಮಗ್ಗಿ ಹೇಳುತ್ತ ಬೆಳೆದವಳು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಮದುವೆಯಾದ ಮೇಲೆ ಅತ್ತೆಯ ಜೊತೆ ಪಡಿತರದ ಅಂಗಡಿಗೆ ಹೋದಾಗ ಸಹಿ ಹಾಕಬೇಕಾಯಿತು. ಹೊಸ ಸೊಸೆ ಓದಿದವಳು ಎಂದು ಅತ್ತೆ ಸ್ವಲ್ಪ ಬೀಗಿಕೊಂಡೇ ಅವಳನ್ನು ಮುಂದೆ ಬಿಟ್ಟಳು. ಕರಿಯಕ್ಕ ತನ್ನ ಹೆಸರನ್ನು ದುಂಡಗೆ ತೆಲುಗಿನಲ್ಲಿ ಬರೆದಳು. ಅಂಗಡಿಯವನು ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಇದ್ಯಾವ ಬರಹನಮ್ಮ? ಕನ್ನಡದಾಗೆ ಹಾಕು. ಬರ್ದೇ ಇದ್ರೆ ಹೆಬ್ಬೆಟ್ಟು ಒತ್ತು" ಅಂದ.

ಅವಳು ಹೆಬ್ಬೆಟ್ಟು ಒತ್ತಿದಳು. ಅತ್ತೆ ಚೀಲವನ್ನು ತಾನೇ ಹೊತ್ತುಕೊಂಡು ಮುಂದೆ ನಡೆದಳು. ಕರಿಯಕ್ಕನಿಗೆ ನಾಚಿಕೆಯಾಗಿದ್ದು ನಿಜ. ಆದರೆ ನಾಚಿಕೆಗಿಂತ ಮುಂದೆ ಬಂದು ನಿಂತದ್ದು ಆಶ್ಚರ್ಯ. ಗುಡ್ಡದ ಆ ಕಡೆ ಅಕ್ಷರವಾಗಿದ್ದದ್ದು ಈ ಕಡೆ ಬರಿಯ ಗೀಚು ಆದದ್ದು ಹೇಗೆ? ಗುಡ್ಡದ ಮೇಲೆ ಅಂಥ ಗೆರೆ ಹಾಕಿದವರು ಯಾರು, ಅಲ್ಲೇ ಯಾಕೆ ಹಾಕಿದರು?

ಗಂಡ ದುರುಗೇಶನನ್ನು ಕೇಳಿದಳು. ಅವನು ಶೇಂಗಾ ಚೀಲಗಳನ್ನು ಟೆಂಪೋದಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೊಡೆಯುವವನು, ಒಳ್ಳೆಯವನು, ಪ್ರಶ್ನೆಗಳ ಗೋಜಿಗೆ ಹೋಗದವನು. ಆ ಕಡೆ ಆಂಧ್ರ, ಈ ಕಡೆ ಕರ್ನಾಟಕ, ಅಷ್ಟೇ ಎಂದ. ಆ 'ಅಷ್ಟೇ' ಕರಿಯಕ್ಕನಿಗೆ ಸಾಲಲಿಲ್ಲ. ಮುಂದಿನ ಮೂವತ್ತು ವರ್ಷ ಅವಳಿಗೆ ಸಾಲಲೇ ಇಲ್ಲ.

ಕನ್ನಡ ಓದಲು ಅವಳು ಕಲಿತದ್ದು ಚಳ್ಳಕೆರೆಯಲ್ಲಿ, ಶಾಲೆಯಲ್ಲಲ್ಲ, ಬೀದಿಯಲ್ಲಿ. ಮದುವೆಯಾದ ಹೊಸತರಲ್ಲಿ ದುರುಗೇಶ ಅವಳನ್ನೂ ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಲೋಡು ಇಳಿಸಲು ಹೊತ್ತಾಗುತ್ತಿತ್ತು. ಗಾಳಿಯಲ್ಲಿ ಹಿಂಡಿಯ ವಾಸನೆ. ಗೋಡೆ ಗೋಡೆಯ ಮೇಲೂ ಆಳೆತ್ತರದ ಅಕ್ಷರಗಳಲ್ಲಿ ಮಿಲ್ಲುಗಳ ಹೆಸರು. ಅವಳು ಸೀಟಿನಲ್ಲೇ ಕುಳಿತು ನೋಡುತ್ತ ಹೋದಂತೆ ಆ ಅಕ್ಷರಗಳು ತೀರಾ ಬೇರೆಯವರಲ್ಲ, ದಾಯಾದಿಗಳು ಎಂದು ತಿಳಿಯಿತು. ತೆಲುಗಿನ ಅಕ್ಷರದ ತಲೆಯ ಮೇಲೆ ಸರಿ ಗುರುತಿನಂಥ ಕೊಕ್ಕೆ, ಕನ್ನಡದ ತಲೆಯ ಮೇಲೆ ಮಲಗಿದ ಗೆರೆ. ತಲೆ ಬಿಟ್ಟು ಮೈ ನೋಡಿದರೆ ಅರ್ಧಕ್ಕರ್ಧ ಅದೇ. ಎಡವುತ್ತಿದ್ದುದು ಕೆಲವು ಅಕ್ಷರಗಳಲ್ಲಿ ಮಾತ್ರ. ಅವುಗಳಲ್ಲಿ ಮೊದಲನೆಯದು 'ಕ', ಅವಳ ಹೆಸರಿನ ಮೊದಲ ಅಕ್ಷರವೇ. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಚಳ್ಳಕೆರೆಯ ಗೋಡೆಗಳನ್ನೆಲ್ಲ ಓದಿ ಮುಗಿಸಿದ್ದಳು.

ಅಕ್ಷರ ಬಂದರೂ ಕೆಲವು ಮಾತುಗಳು ತೊಡರಿದವು. ಅವಳು ಶಾಲೆಯಲ್ಲಿದ್ದಾಗಲೇ ಚೌಳಕುಂಟೆಯ ಕಡೆ ತಾಲ್ಲೂಕು ಹೋಗಿ ಮಂಡಲ ಬಂದಿತ್ತು. ಮೇಷ್ಟ್ರು ಎಲ್ಲರ ಸ್ಲೇಟಿನಲ್ಲೂ ಹಳೆಯ ವಿಳಾಸ ಅಳಿಸಿ ಹೊಸದು ಬರೆಸಿದ್ದರು. ಅಂದಿನಿಂದ ಅವಳ ಪಾಲಿಗೆ ಮಂಡಲವೆಂದರೆ ದೊಡ್ಡ ಆಫೀಸು, ಜೀಪು, ಮುಂದೆ ನಿಂತ ಜನ. ಗುಂಡ್ಲಹಟ್ಟಿಗೆ ಬಂದಾಗ ಇಲ್ಲಿಯೂ ಮಂಡಲದ ಮಾತು ಕೇಳಿ ಖುಷಿಪಟ್ಟಳು. ತೋರಿಸಿ ಎಂದಾಗ ಪಕ್ಕದೂರಿನ ಹೆಂಚಿನ ಕೋಣೆಯೊಂದನ್ನು ತೋರಿಸಿದರು. ಅದು ಮಂಡಲ ಪಂಚಾಯಿತಿ, ನಾಲ್ಕಾರು ಹಳ್ಳಿಗೆ ಸೇರಿದ್ದು. ಅಷ್ಟು ದೊಡ್ಡ ಹೆಸರು ಇಷ್ಟು ಸಣ್ಣ ಕೋಣೆಯಲ್ಲಿ ಹೇಗೆ ಹಿಡಿಯಿತೋ ಎಂದು ನಗು ಬಂತು. ಸ್ವಲ್ಪ ಕಾಲದಲ್ಲೇ ಆ ಬೋರ್ಡನ್ನೂ ಕಿತ್ತು ಗ್ರಾಮ ಪಂಚಾಯಿತಿ ಎಂದು ಹಾಕಿದರು. ಒಳಗಿನ ಗುಮಾಸ್ತ ಮಾತ್ರ ಅವನೇ, ಮುರಿದ ಕುರ್ಚಿಯೂ ಅದೇ.

ಆಮೇಲೆ ಸಾಕ್ಷರತೆಯ ಚಳವಳಿ ಬಂತು. ಕಲಿಯುವವರ ಪಟ್ಟಿಯಲ್ಲಿ ಸೇರಿಸಿದ್ದ ಕರಿಯಕ್ಕನನ್ನು ವಾರ ಕಳೆಯುವಷ್ಟರಲ್ಲಿ ಕಲಿಸುವವರ ಕಡೆ ಕೂರಿಸಿದರು. ಅದರಿಂದಾಗಿಯೇ ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಗುಡಿಸುವುದು, ಅಡುಗೆ ಮಾಡುವುದು, ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಬರುವುದು. ಪಾಠ ಹೇಳುವವರು ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬಸ್ಸು ಬಾರದ ದಿನ ಬರುತ್ತಿರಲಿಲ್ಲ. ಆ ದಿನಗಳಲ್ಲಿ ಮಕ್ಕಳಿಗೆ ಹಾಡು ಕಥೆ ಹೇಳುತ್ತಿದ್ದವಳು ಕರಿಯಕ್ಕನೇ. ಟೀಚರ್ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಬೇಕು, ಅದರಲ್ಲಿ ಕನ್ನಡ ಇರಬೇಕು ಎಂದರು. ಹಾಗಾದರೆ ಕಟ್ಟುತ್ತೇನೆ ಎಂದಳು. ಆಗ ಅವಳ ಮಗಳು ಸರಿತಾ ಹೈಸ್ಕೂಲು ಮೆಟ್ಟಿಲು ಹತ್ತಿದ್ದಳು. ತಾಯಿ ಮಗಳು ಒಂದೇ ಪುಸ್ತಕ ಹಂಚಿಕೊಂಡು ಓದಿದರು.

ಖಾಸಗಿಯಾಗಿ ಪರೀಕ್ಷೆ ಕಟ್ಟುವವರಿಗೆ ಪಕ್ಕದೂರಿನ ಹೈಸ್ಕೂಲಿನ ಪಡಸಾಲೆಯಲ್ಲಿ ಭಾನುವಾರ ಪಾಠ ಹೇಳುತ್ತಿದ್ದವರು ಶಶಿಕಾಂತ್ ಮೇಷ್ಟ್ರು. ಚಳ್ಳಕೆರೆಯವರು, ಸಮಾಜ ವಿಜ್ಞಾನದವರು, ಅವಳಿಗಿಂತ ಚಿಕ್ಕವರು. ಒಂದು ದಿನ ಕರ್ನಾಟಕದ ನಕಾಶೆ ಬಿಡಿಸಿ ಏಕೀಕರಣದ ಪಾಠ ಮಾಡುತ್ತಿದ್ದರು. ಮೈಸೂರು ಸಂಸ್ಥಾನ, ಮದರಾಸಿನ ತುಂಡುಗಳು, ಮುಂಬಯಿಯ ತುಂಡುಗಳು, ನಿಜಾಮನ ತುಂಡುಗಳು, ಕೊಡಗು. ಎಲ್ಲ ಹೇಗೆ ಬಂದು ಸೇರಿಕೊಂಡವು ಎಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸಿತ್ತು. ಕರಿಯಕ್ಕ ನಕಾಶೆಯ ಹತ್ತಿರ ಹೋಗಿ ತನ್ನ ತವರನ್ನು ಹುಡುಕಿದಳು. ಮೊಳಕಾಲ್ಮೂರು ಒಂದು ಬೆರಳಿನಂತೆ ಬಡಗಣಕ್ಕೆ ಚಾಚಿಕೊಂಡಿತ್ತು. ಅದರ ಒಂದು ಬದಿಗೆ ಬಳ್ಳಾರಿ, ಇನ್ನೊಂದು ಬದಿಗೆ ಏನೂ ಬರೆಯದ ಬಿಳಿ ಕಾಗದ. ಚೌಳಕುಂಟೆ ಇರಬೇಕಾದದ್ದು ಆ ಬಿಳಿ ಕಾಗದದಲ್ಲಿ.

"ಸಾರ್, ಇಲ್ಲಿ ಗೆರೆ ಯಾಕೆ ಹಿಂಗೆ ಹೋಗೈತೆ? ಯಾರು ಎಳೆದದ್ದು?" ಎಂದು ಕೇಳಿದಳು.

ಅದು ಪರೀಕ್ಷೆಗೆ ಬರುವುದಿಲ್ಲ ಎಂದರು ಮೇಷ್ಟ್ರು. ಉಳಿದವರು ನಕ್ಕರು. ಆದರೆ ಮುಂದಿನ ಭಾನುವಾರ ಶಶಿಕಾಂತ್ ಒಂದು ಚೀಟಿ ತುಂಬ ಟಿಪ್ಪಣಿ ಮಾಡಿಕೊಂಡು ಬಂದಿದ್ದರು. ಆ ಪ್ರಶ್ನೆ ವಾರವಿಡೀ ಬಿಡಲಿಲ್ಲ ಎಂದು ತಾವಾಗಿಯೇ ಹೇಳಿದರು. ಪಾಠ ಮುಗಿದು ಉಳಿದವರು ಹೋದ ಮೇಲೆ ಅವರು ವಿವರಿಸಿದ್ದು ಕರಿಯಕ್ಕನಿಗೆ ಇವತ್ತಿಗೂ ಬಾಯಿಪಾಠ.

ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಗೆದ್ದವರು ಕೂತು ಅವನ ಸೀಮೆಯನ್ನು ಪಾಲು ಮಾಡಿಕೊಂಡರು. ಚಿತ್ರದುರ್ಗದ ಕಡೆಯದು ಮೈಸೂರಿನ ಅರಸರ ಪಾಲಿಗೆ, ಬಳ್ಳಾರಿ ರಾಯದುರ್ಗದ ಕಡೆಯದು ನಿಜಾಮನ ಪಾಲಿಗೆ. ನಿಜಾಮ ವರ್ಷ ತಿರುಗುವಷ್ಟರಲ್ಲಿ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಗುಡ್ಡದ ಈಚೆ ಮೈಸೂರು ಸೀಮೆ, ಆಚೆ ಕಂಪನಿ ಸೀಮೆ. ಮುಂದೆ ಕಂಪನಿಯದು ಮದರಾಸು ಆಯಿತು, ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು. ಆಂಧ್ರ ಹುಟ್ಟಿದಾಗ ಬಳ್ಳಾರಿಯ ಬಹುಪಾಲು ಮೈಸೂರಿಗೆ ಬಂತು, ಆದರೆ ರಾಯದುರ್ಗ ಆಂಧ್ರದ ಅನಂತಪುರ ಜಿಲ್ಲೆಗೆ ಹೋಯಿತು. ಅದಕ್ಕೂ ಹಿಂದೆ, ಪಾಳೆಯಗಾರರ ಕಾಲದಲ್ಲಿ, ಈ ಮೊಳಕಾಲ್ಮೂರಿಗಾಗಿಯೇ ರಾಯದುರ್ಗದವರೂ ಚಿತ್ರದುರ್ಗದವರೂ ಬಡಿದಾಡಿದ್ದರಂತೆ.

ಕರಿಯಕ್ಕ ಎಲ್ಲ ಕೇಳಿ, ಹಾಗಾದರೆ ಗೆರೆ ಎಳೆದವರು ಯಾರೂ ಇಲ್ಲಿಗೆ ಬಂದು ಗುಡ್ಡ ನೋಡಿರಲೇ ಇಲ್ಲವೇ ಎಂದಳು. ಬಂದಿರಲಿಕ್ಕಿಲ್ಲ ಎಂದರು ಶಶಿಕಾಂತ್. ತಮ್ಮ ಚಳ್ಳಕೆರೆಯ ಕಥೆಯನ್ನೂ ಹೇಳಿದರು. ಹಿಂದೆ ತಾಲ್ಲೂಕಿನ ಹೆಸರೇ ದೊಡ್ಡೇರಿ. ಈಗ ಅದೇ ದೊಡ್ಡೇರಿಯವರು ಒಂದೊಂದು ಸಹಿಗೂ ಚಳ್ಳಕೆರೆಗೆ ಬರುತ್ತಾರೆ. ಮೊಳಕಾಲ್ಮೂರೂ ಒಂದು ಕಾಲಕ್ಕೆ ಚಳ್ಳಕೆರೆಯ ಕೈಕೆಳಗಿನ ಉಪತಾಲ್ಲೂಕಾಗಿತ್ತಂತೆ.

ಅದೇ ಚಳಿಗಾಲದಲ್ಲಿ ಅವರು ಭಾನುವಾರದ ತಂಡವನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದರು. ಅಶೋಕನ ಶಾಸನದ ಬಂಡೆಯ ಮುಂದೆ ನಿಂತು ಕರಿಯಕ್ಕ ಅಕ್ಷರಗಳನ್ನು ಗುರುತಿಸಲು ನೋಡಿದಳು. ಒಂದೂ ಸಿಗಲಿಲ್ಲ. ಇದು ಅಲ್ಲಿನ ಅಧಿಕಾರಿಗಳಿಗೆ ಮೇಲಿನ ಆಫೀಸಿನಿಂದ ಬಂದ ಆದೇಶ ಎಂದರು ಮೇಷ್ಟ್ರು. ಸುವರ್ಣಗಿರಿಯ ದೊಡ್ಡ ಅಧಿಕಾರಿಗಳು ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿ, ಆಮೇಲೆ ಹೇಳಬೇಕಾದದ್ದನ್ನು ಹೇಳಿದ್ದಾರೆ. ಇಸಿಲ ಎಂದರೆ ಇದೇ ಜಾಗ ಇರಬೇಕು. ನಮಗೆ ಬರುವ ಸುತ್ತೋಲೆಯಲ್ಲಿ ಕ್ಷೇಮ ಕೇಳುವುದಿಲ್ಲ ಎಂದು ಅಂಗನವಾಡಿಯ ಕರಿಯಕ್ಕ ನಕ್ಕಳು. ಆ ಸುವರ್ಣಗಿರಿ ಎಲ್ಲಿದೆ ಎಂದು ಕೇಳಿದಾಗ ಮೇಷ್ಟ್ರಿಗೂ ನಗು ಬಂತು. ಕೆಲವರು ರಾಯಚೂರು, ಕೊಪ್ಪಳದ ಕಡೆ ಎನ್ನುತ್ತಾರೆ, ಕೆಲವರು ಕರ್ನೂಲಿನ ಕಡೆ ಎನ್ನುತ್ತಾರೆ, ಇನ್ನೂ ತೀರ್ಮಾನವಾಗಿಲ್ಲ ಎಂದರು. ಅಂದರೆ ಅದು ಕೂಡ ಕರ್ನಾಟಕದ್ದೋ ಆಂಧ್ರದ್ದೋ ಎಂಬ ಜಗಳದಲ್ಲೇ ಇತ್ತು. ಬಂಡೆಯ ಬಿಸಿಗೆ ಅಂಗೈ ಒತ್ತಿಕೊಂಡು ಅವಳು ಬಹಳ ಹೊತ್ತು ನಿಂತಿದ್ದಳು.

ಚಳ್ಳಕೆರೆಯಲ್ಲಿ ಪರೀಕ್ಷೆ ಬರೆದಳು. ಗಣಿತ ಎರಡನೆಯ ಸಲಕ್ಕೆ ಪಾಸಾಯಿತು, ಕನ್ನಡ ಮೊದಲ ಸಲಕ್ಕೇ. ಮೊಳಕಾಲ್ಮೂರಿನ ಟೀಚರ್ ವರ್ಗ ಮಾಡಿಸಿಕೊಂಡು ಹೋದ ಮೇಲೆ ಆ ಜಾಗಕ್ಕೆ ಅವಳನ್ನೇ ನೇಮಿಸಿದರು. ಪಡಿತರದ ಅಂಗಡಿಯವನ ಮೊಮ್ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿದವಳೂ ಅವಳೇ.

ಹೀಗೆ ವರ್ಷಗಳು ಕಳೆದು ಕರಿಯಕ್ಕನ ತಲೆ ನರೆಯತೊಡಗಿತು. ಅವಳಿಗೆ ಐವತ್ತಾಗುವ ಹೊತ್ತಿಗೆ ಗುಂಡ್ಲಹಟ್ಟಿಯಲ್ಲಿ ಹೊಸ ಮಾತೊಂದು ಎದ್ದಿತು. ಮೊಳಕಾಲ್ಮೂರನ್ನು ಚಿತ್ರದುರ್ಗದಿಂದ ಬಿಡಿಸಿ ಬಳ್ಳಾರಿ ಜಿಲ್ಲೆಗೆ ಸೇರಿಸಬೇಕು ಎಂಬ ಮಾತು. ಹಿಂದೆಯೂ ಆಗಾಗ ಕೇಳಿಬಂದದ್ದೇ. ಈ ಸಲ ಊರಿನಲ್ಲಿ ಅದನ್ನು ಎತ್ತಿಕೊಂಡು ಅರ್ಜಿ ಬರೆಯಹೊರಟವನು ಬೀಜ ಗೊಬ್ಬರದ ಅಂಗಡಿಯ ವೀರೇಶ. ಬಳ್ಳಾರಿ ಹತ್ತಿರ, ದುರ್ಗ ದೂರ. ಬಳ್ಳಾರಿಯವರಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿ ಇದೆ, ಜಿಲ್ಲೆಯ ಗಡಿಯ ಹಳ್ಳದ ಆಚೆಯ ಹುಡುಗರಿಗೆ ಸಿಗುವ ಕೆಲಸ ಈಚೆಯ ಹುಡುಗರಿಗೆ ಸಿಗುವುದಿಲ್ಲ. ಇದನ್ನೆಲ್ಲ ಹೇಳಿ ಕೊನೆಗೆ ಅವನು, ನಾವು ಮೊದಲಿಂದಲೂ ಬಳ್ಳಾರಿ ಸೀಮೆಯವರೇ ಎನ್ನುತ್ತಿದ್ದ.

ಅದಕ್ಕೆ ಎದುರು ನಿಂತವರು ಅವನ ದೊಡ್ಡಪ್ಪ ತಿಪ್ಪೇರುದ್ರಪ್ಪಗೌಡರು. ಊರಿನಲ್ಲಿ ಹೆಚ್ಚು ಹೊಲ ಇದ್ದವರು, ಎಂಬತ್ತರ ಹತ್ತಿರದವರು. ನಾವು ಮೊದಲಿಂದಲೂ ದುರ್ಗದವರು, ನಾಯಕರ ಉಪ್ಪು ತಿಂದವರು ಎಂಬುದು ಅವರ ವಾದ. ಒಂದೇ ಮನೆತನದ ಇಬ್ಬರು ಕಟ್ಟೆಯ ಎರಡು ತುದಿಯಲ್ಲಿ ಕುಳಿತು ಮಾತು ಬಿಟ್ಟರು.

ಊರಿನವರ ಮನಸ್ಸು ತಿಳಿಯೋಣವೆಂದು ಪಂಚಾಯಿತಿಯ ಹಿರಿಯರು ಹೇಳಿದಾಗ ಮನೆಮನೆಗೆ ಹೋಗುವ ಕೆಲಸ ಕರಿಯಕ್ಕನ ಕೊರಳಿಗೇ ಬಿತ್ತು. ಕೋಳಿ ಎಣಿಸುವುದರಿಂದ ಹಿಡಿದು ಶೌಚಾಲಯ ಎಣಿಸುವವರೆಗೆ ಎಲ್ಲದಕ್ಕೂ ಅಂಗನವಾಡಿಯವರನ್ನೇ ಕರೆದು ಅಭ್ಯಾಸವಾಗಿತ್ತು. ಈ ಕೆಲಸವನ್ನು ಮಾತ್ರ ಅವಳು ಗೊಣಗದೆ ಮಾಡಿದಳು. ಉತ್ತರಗಳು ಅವಳನ್ನು ಮನೆಯಿಂದ ಮನೆಗೆ ಎಳೆದುಕೊಂಡು ಹೋದವು. ಕುರಿಯವನೊಬ್ಬ ಮೇವು ಯಾವ ಜಿಲ್ಲೆಯಲ್ಲಿದ್ದರೆ ಆ ಜಿಲ್ಲೆ ಬರೆದುಕೋ ಎಂದ. ಹೊಸದಾಗಿ ಬಾಣಂತನ ಮುಗಿಸಿದ ದಿವ್ಯಾ, ಹೆರಿಗೆಗೆ ಹೇಗೂ ಬಳ್ಳಾರಿಗೇ ಹೋಗುತ್ತೇವೆ, ಇನ್ನು ಸೇರುವುದೇನು ಬಂತು ಎಂದಳು. ಜಮೀನಿನ ಕೇಸು ನಡೆಸುತ್ತಿದ್ದವನು ಕೇಸು ಮುಗಿಯುವ ತನಕ ದುರ್ಗ, ಮುಗಿದ ಮೇಲೆ ಬಳ್ಳಾರಿ ಎಂದ. ಹಲವರಿಗೆ ಇದ್ದ ಚಿಂತೆ ಒಂದೇ, ಆಧಾರ್ ಕಾರ್ಡು ಮತ್ತೆ ಮಾಡಿಸಬೇಕಾಗುತ್ತದೋ ಏನೋ ಎಂದು. ಮೊದಲಿಂದ ನಾವು ಯಾರ ಕಡೆಯವರು ಎಂಬ ಪ್ರಶ್ನೆಗೆ ಮಾತ್ರ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಕೊನೆಗೆ ಅವಳು ಗೌಡರ ಮನೆಗೇ ಹೋದಳು. ವೀರೇಶನೂ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದು ಜಗುಲಿಯ ಮೇಲೆ ಮುಖ ತಿರುಗಿಸಿಕೊಂಡು ಕುಳಿತಿದ್ದ.

"ಗೌಡ್ರೇ, ಮೊದಲಿಂದ ಅಂತ ನೀವೂ ಅಂತೀರಿ, ವೀರೇಶನೂ ಅಂತಾನೆ. ಮೊದಲು ಅಂದ್ರೆ ಯಾವಾಗಿಂದ ಅಂತ ಬರ್ಕೊಳ್ಲಿ?"

ಅವಳು ಕುಹಕಕ್ಕೆ ಕೇಳಿರಲಿಲ್ಲ. ಗೌಡರಿಗೂ ಅದು ಗೊತ್ತಾಯಿತು. ಅವರು, ಬಾಯಿಮಾತು ಬೇಡ, ಕಲ್ಲು ಇವೆ, ತೋರಿಸುತ್ತೇನೆ ಎಂದರು. ತಮ್ಮ ಹೊಲದ ಅಂಚಿನಲ್ಲಿ ಬಿಳಿಯರ ಕಾಲದಲ್ಲಿ ಗಡಿಗೆ ನೆಟ್ಟ ಬಾಂದುಕಲ್ಲಿದೆ. ಗುಡ್ಡದ ನೆತ್ತಿಯಲ್ಲಿ ಅದಕ್ಕೂ ಹಳೆಯ ಲಿಂಗಮುದ್ರೆಯ ಕಲ್ಲಿದೆ, ದುರ್ಗದ ನಾಯಕರು ತಮ್ಮ ಎಲ್ಲೆಗೆ ನೆಡಿಸಿದ್ದು. ದನ ಕಾಯುವ ವಯಸ್ಸಿನಲ್ಲಿ ಅದರ ಮೇಲೆ ಕೂತು ರೊಟ್ಟಿ ತಿಂದಿದ್ದೇನೆ ಎಂದರು.

"ಅದನ್ನ ನೋಡಿದ ಮ್ಯಾಲೆ ನೀನು ಅರ್ಜಿ ಹರಿದು ಹಾಕ್ತೀಯೇನಲೇ?" ಎಂದು ವೀರೇಶನನ್ನು ಕೇಳಿದರು. ಎಷ್ಟೋ ದಿನಗಳ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು. ನೋಡೋಣ ದೊಡ್ಡಪ್ಪ ಎಂದ ವೀರೇಶ.

ಭಾನುವಾರ ಬೆಳಿಗ್ಗೆ ದುರುಗೇಶನ ಟೆಂಪೋದಲ್ಲಿ ಹೊರಟರು. ಕರಿಯಕ್ಕ ಫೋನು ಮಾಡಿದ್ದಕ್ಕೆ ಶಶಿಕಾಂತ್ ಚಳ್ಳಕೆರೆಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಈಗ ಅವರೂ ಕನ್ನಡಕ ಹಾಕಿಕೊಂಡ ಹೆಡ್ಮಾಸ್ಟರು. ಗೌಡರು ಮುಂದಿನ ಸೀಟಿನಲ್ಲಿ, ಉಳಿದವರು ಹಿಂದೆ ಖಾಲಿ ಚೀಲಗಳ ಮೇಲೆ.

ಮೊದಲು ಸಿಕ್ಕಿದ್ದು ರಸ್ತೆಬದಿಯ ಸಿಮೆಂಟಿನ ಕಂಬ. ಎರಡು ರಾಜ್ಯಗಳ ಹೆಸರನ್ನು ಎರಡು ಮುಖದ ಮೇಲೆ ಬರೆದದ್ದು. ಅದನ್ನು ಎಲ್ಲರೂ ದಿನಾ ನೋಡಿದವರೇ. ಅಲ್ಲಿ ಇಳಿದು ಗೌಡರ ಹೊಲದ ಬದುವಿನ ಮೇಲೆ ನಡೆದರು. ಹುರುಳಿ ಬಳ್ಳಿಗಳ ನಡುವೆ ಮೊಣಕಾಲೆತ್ತರದ ಕಲ್ಲು ನಿಂತಿತ್ತು. ಒಂದು ಮುಖದಲ್ಲಿ ಕನ್ನಡದ 'ಮೈ', ಇನ್ನೊಂದರಲ್ಲಿ ಇಂಗ್ಲಿಷಿನ ಎಂ. ಮೈ ಅಂದರೆ ಮೈಸೂರು, ಎಂ ಅಂದರೆ ಮದರಾಸು ಎಂದು ತಮ್ಮ ತಂದೆ ಹೇಳಿದ್ದರು ಎಂದರು ಗೌಡರು. ಶಶಿಕಾಂತ್ ಕುಕ್ಕರಗಾಲಿನಲ್ಲಿ ಕುಳಿತು ಪಾಚಿ ಉಜ್ಜಿ ನೋಡಿ, ಇಂಗ್ಲಿಷಿನಲ್ಲಿ ಬರೆದರೆ ಮೈಸೂರಿಗೂ ಎಂ ಬರುತ್ತದಲ್ಲ ಎಂದರು. ಗೌಡರು ಅದನ್ನು ಯೋಚಿಸಿಯೇ ಇರಲಿಲ್ಲ.

ಕರಿಯಕ್ಕ ನೋಡುತ್ತಿದ್ದುದು ಬೇರೆ. ಈ ಕಲ್ಲಿಗೂ ಸಿಮೆಂಟಿನ ಕಂಬಕ್ಕೂ ನಡುವೆ ಒಂದು ಪಟ್ಟಿ ಹುರುಳಿ ಹೊಲ ಉಳಿದುಬಿಟ್ಟಿತ್ತು. ಎರಡೂ ಗಡಿಯೇ ಆದರೆ ನಡುವಿನ ಹೊಲ ಯಾವ ರಾಜ್ಯದ್ದು ಎಂದು ಕೇಳಿದಳು.

"ಅದು ನಂದು" ಎಂದರು ಗೌಡರು.

ವೀರೇಶ ನಕ್ಕುಬಿಟ್ಟ. ಗೌಡರಿಗೂ ನಗು ತಡೆಯಲಾಗಲಿಲ್ಲ. ಆ ನಗುವಿನಿಂದ ಮಾತು ಸ್ವಲ್ಪ ಸಲೀಸಾಯಿತು.

ಗುಡ್ಡ ಹತ್ತಿದರು. ನೆತ್ತಿಯಲ್ಲಿ 'ಬಂದರೆ' ಎಂಬ ಕುರುಚಲು ಗಿಡ ಮೊಳಕಾಲಿಗೆ ಬಡಿಯುವಷ್ಟು ಬೆಳೆದಿತ್ತು. ಗೌಡರು ಒಂದು ಗುಂಡುಬಂಡೆಯ ಗುರುತು ಹಿಡಿದು ಇಲ್ಲೇ ಇತ್ತು ಎಂದರು. ದುರುಗೇಶ ಕೋಲಿನಿಂದ ಪೊದೆ ಸರಿಸಿದ, ವೀರೇಶ ಮೂಡಲ ಇಳಿಜಾರಿನಲ್ಲಿ ಹುಡುಕಿದ, ಕರಿಯಕ್ಕ ಸೆರಗು ಸಿಕ್ಕಿಸಿಕೊಂಡು ಬಂಡೆಯ ಸಂದಿಗಳನ್ನೆಲ್ಲ ಇಣುಕಿದಳು. ಸಿಕ್ಕಿದ್ದು ಬರಿಯ ಗುಂಡುಕಲ್ಲುಗಳು. ಗೌಡರ ಮುಖ ಸಣ್ಣಗಾಯಿತು. ಇರಲಿ ದೊಡ್ಡಪ್ಪ, ಇದ್ದದ್ದು ಸುಳ್ಳಲ್ಲ ಎಂದು ವೀರೇಶನೇ ಸಮಾಧಾನ ಹೇಳಿದ.

ಗುಡ್ಡದ ಆಚೆಗೆ ಚೌಳಕುಂಟೆ ಕಾಣುತ್ತಿತ್ತು. ಅವ್ವನನ್ನು ಕೇಳಿ ನೋಡೋಣ ಎಂದಳು ಕರಿಯಕ್ಕ. ಗುಡ್ಡ ಇಳಿದು ಮತ್ತೆ ಟೆಂಪೋ ಹತ್ತಿದರು.

ಅವಳ ಅವ್ವ ಚಿನ್ನಕ್ಕನಿಗೆ ಎಂಬತ್ತು ದಾಟಿತ್ತು. ಮೊಮ್ಮಕ್ಕಳ ನಡುವೆ, ಬೇವಿನ ಮರದ ಕೆಳಗೆ ಶೇಂಗಾ ಸುಲಿಯುತ್ತ ಕುಳಿತಿದ್ದವಳು ಟೆಂಪೋ ತುಂಬ ಬಂದ ಜನರನ್ನು ಕಂಡು ಯಾರದೋ ಸಾವಿನ ಸುದ್ದಿ ಎಂದುಕೊಂಡಳು. ಕಲ್ಲು ಹುಡುಕಲು ಬಂದೆವು ಎಂದಾಗ ಅವಳಿಗೆ ನಂಬಿಕೆ ಬರಲು ಹೊತ್ತು ಹಿಡಿಯಿತು. ಲಿಂಗ, ಸೂರ್ಯ, ಚಂದ್ರ ಕೊರೆದ ಕಲ್ಲು ಎಂದು ಗೌಡರು ಕೈಯಲ್ಲಿ ಬರೆದು ತೋರಿಸಿದ ಮೇಲೆ ಕೋಲು ಊರಿಕೊಂಡು ಎದ್ದಳು. ಊರಿನ ಕೊನೆಯ ಮನೆಯ ಕುರಿಹಟ್ಟಿಗೆ ಕರೆದುಕೊಂಡು ಹೋದಳು. ಅಲ್ಲಿ ಕುರಿಗಳು ನೀರು ಕುಡಿಯುವ ಬಾನಿಗೆ ಒತ್ತುಕೊಟ್ಟು ಒಂದು ಉದ್ದನೆಯ ಕಲ್ಲನ್ನು ಮಲಗಿಸಿದ್ದರು. ನೀರು ಹೊಯ್ದು ತೊಳೆದಾಗ ಲಿಂಗ ಮೂಡಿತು, ಅದರ ಎರಡು ಬದಿಗೆ ಸೂರ್ಯ ಚಂದ್ರ.

ತಿಪ್ಪೇರುದ್ರಪ್ಪಗೌಡರು ಚಪ್ಪಲಿ ಬಿಟ್ಟು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ತಾವು ಕಂಡ ಕಲ್ಲು ಇದೇ ಇರಬೇಕು ಎಂದರು. ಮತ್ತೆ ನೋಡಿ, ಅದು ಇನ್ನೂ ಗಿಡ್ಡಗಿತ್ತೇನೋ ಎಂದರು.

ಇದು ಗುಡ್ಡದಿಂದ ಬಂದದ್ದಲ್ಲ ಎಂದಳು ಚಿನ್ನಕ್ಕ. ತಾನು ಮದುವೆಯಾಗಿ ಬಂದಾಗಲೂ ಇದು ಇಲ್ಲೇ ನಿಂತಿತ್ತು, ತನ್ನ ಅತ್ತೆ ಬಂದಾಗಲೂ ಇತ್ತಂತೆ, ಬಾನಿಗೆ ಒತ್ತು ಕೊಟ್ಟದ್ದು ಮಾತ್ರ ಈಚೆಗೆ. ಕುರಿಹಟ್ಟಿಯ ಯಜಮಾನ ತೆಲುಗು ಬೆರೆತ ಕನ್ನಡದಲ್ಲಿ ಬೇರೆಯೇ ಹೇಳಿದ. ಬಾವಿ ತೋಡಿಸುವಾಗ ತನ್ನ ತಾತ ಇದನ್ನು ಮೂಡಲ ಕಡೆಯ ಬಯಲಿನಿಂದ ಬಂಡಿಯಲ್ಲಿ ಹೇರಿಕೊಂಡು ಬಂದನಂತೆ.

ಎಲ್ಲರೂ ಶಶಿಕಾಂತರ ಮುಖ ನೋಡಿದರು. ಚಿನ್ನಕ್ಕ ಹೇಳಿದ್ದು ನಿಜವಾದರೆ ದುರ್ಗದ ಎಲ್ಲೆ ಒಂದು ಕಾಲಕ್ಕೆ ಚೌಳಕುಂಟೆಯವರೆ‍ಗೂ ಬಂದಿತ್ತು. ಯಜಮಾನ ಹೇಳಿದ್ದು ನಿಜವಾದರೆ ಇನ್ನೂ ಆಚೆಗೆ. ಆದರೆ ಲಿಂಗಮುದ್ರೆಯನ್ನು ದುರ್ಗದ ನಾಯಕರೇ ಹಾಕಿಸಬೇಕೆಂದಿಲ್ಲ, ಮಠಕ್ಕೆ ಬಿಟ್ಟ ಹೊಲಕ್ಕೂ ಹಾಕುತ್ತಿದ್ದರು, ರಾಯದುರ್ಗದವರೂ ಹಾಕಿಸಿರಬಹುದು. ನೆಟ್ಟ ಜಾಗದಿಂದ ಎದ್ದ ಕಲ್ಲು ಸಾಕ್ಷಿ ಹೇಳುವುದಿಲ್ಲ ಎಂದರು ಮೇಷ್ಟ್ರು. ನಿಮಗೇನು ಅನ್ನಿಸುತ್ತದೆ ಎಂದು ಕರಿಯಕ್ಕ ಒತ್ತಾಯಿಸಿದಾಗ, ನಿಜವಾಗಿ ಗೊತ್ತಿಲ್ಲ ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಹೊಸ ಪುಸ್ತಕ ಸಿಕ್ಕ ಹುಡುಗನ ಕಳೆಯಿತ್ತು. ಅವಳಿಗೂ ಒಳಗೊಳಗೆ ಹಾಗೆಯೇ ಆಗಿತ್ತು.

ಚಿನ್ನಕ್ಕ ಯಾರನ್ನೂ ಹಾಗೇ ಕಳಿಸಲಿಲ್ಲ. ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಮಾಡಿಸಿದಳು. ಒಂದೇ ಚಾಪೆಯ ಮೇಲೆ ಗೌಡರೂ ವೀರೇಶನೂ ಕುಳಿತು ತಿಂದರು. ತಿನ್ನುತ್ತ ಶಶಿಕಾಂತ್ ಅಜ್ಜಿಯನ್ನು ಹಳೆಯದನ್ನು ಕೇಳಿದರು. ಆಂಧ್ರ ಹುಟ್ಟುವ ಮೊದಲು ಆ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯಲ್ಲಿ ಇದ್ದದ್ದು ಅವಳಿಗೆ ನೆನಪಿತ್ತು. ಆಗ ಅವಳು ಇನ್ನೂ ಸಣ್ಣವಳು, ಹುಟ್ಟಿದ ಊರಾದ ಹಿರೇಬನ್ನಿಯಲ್ಲಿದ್ದಳು. ಗಂಡಸರು ಹನುಮಪ್ಪನ ಗುಡಿಯ ಮುಂದೆ ಸೇರಿ ಕೂಗಾಡಿದ್ದರು. ಮೈಸೂರಿಗೆ ಹೋಗಬೇಕು ಎಂದು ಕೆಲವರು, ಆಂಧ್ರವೇ ಇರಲಿ ಎಂದು ಕೆಲವರು. ಕೂಗಿ ಮುಗಿದ ಮೇಲೆ ಎಲ್ಲರೂ ಹೊಲಕ್ಕೆ ಹೋದರು, ಸುದ್ದಿ ಆಮೇಲೆ ಬಂತು. ನೀನು ಯಾವ ಕಡೆ ಎಂದು ನಿನ್ನನ್ನು ಯಾರೂ ಕೇಳಲಿಲ್ಲವೇ ಎಂದಳು ಕರಿಯಕ್ಕ.

"ನನ್ನ ಯಾರು ಕೇಳ್ತಾರೆ? ನಾನು ಎಲ್ಲಿಗೂ ಹೋಗ್ಲಿಲ್ಲ, ಕಚೇರಿಗಳೇ ತಿರುಗಾಡಿದ್ವು" ಎಂದಳು ಚಿನ್ನಕ್ಕ. ಆಮೇಲೆ ಗೌಡರ ತಟ್ಟೆಗೆ ಇನ್ನೊಂದು ಬಜ್ಜಿ ಹಾಕಿದಳು.

ಕೈ ತೊಳೆಯುವಾಗ ವೀರೇಶ ಕರಿಯಕ್ಕನ ಹತ್ತಿರ ಬಂದು ನಿಂತ. ಅರ್ಜಿ ಮಾತ್ರ ಕೊಟ್ಟೇ ಕೊಡುತ್ತೇನೆ ಎಂದ. ಆದರೆ ಮೊದಲಿಂದ ಎಂಬ ಮಾತನ್ನು ತೆಗೆಯುತ್ತೇನೆ, ಆಸ್ಪತ್ರೆ, ಬಸ್ಸು, ಹುಡುಗರ ಕೆಲಸ, ಇವಿಷ್ಟೇ ಸಾಕು. ಅದನ್ನು ಕೇಳಿಸಿಕೊಂಡ ಗೌಡರು, ಆಗಲೂ ನಾನು ಸಹಿ ಹಾಕುವುದಿಲ್ಲ ಎಂದರು. ಬೇಡ ದೊಡ್ಡಪ್ಪ, ಓದಿ ತಪ್ಪು ತಿದ್ದಿಕೊಡಿ ಸಾಕು ಎಂದ ಅವನು. ಮುಂದೆ ಹಾಗೆಯೇ ಆಯಿತು. ಅರ್ಜಿಯ ಕನ್ನಡವನ್ನು ತಿಪ್ಪೇರುದ್ರಪ್ಪಗೌಡರು ತಿದ್ದಿದರು, ಸಹಿ ಮಾತ್ರ ಹಾಕಲಿಲ್ಲ. ಕರಿಯಕ್ಕ ಮನೆಮನೆಯ ಉತ್ತರಗಳನ್ನು ಇದ್ದದ್ದು ಇದ್ದಂತೆ, ಕುರಿಯವನ ಮಾತನ್ನೂ ಬಿಡದೆ, ಅದರ ಜೊತೆಗೆ ಲಗತ್ತಿಸಿದಳು. ಅರ್ಜಿ ಮೇಲೆ ಹೋಗಿದೆ. ಈ ತನಕ ಯಾವ ಕಡೆಯಿಂದಲೂ ಉತ್ತರವಿಲ್ಲ. ಗುಂಡ್ಲಹಟ್ಟಿಯವರು ಹೆರಿಗೆಗೆ ಬಳ್ಳಾರಿಗೂ ಕೋರ್ಟಿಗೆ ದುರ್ಗಕ್ಕೂ ಹೋಗಿ ಬರುತ್ತಿದ್ದಾರೆ.

ಆ ದಿನ ಹೊರಡುವಾಗ ಚಿನ್ನಕ್ಕ ತಾನೂ ನಾಲ್ಕು ದಿನ ಮಗಳ ಮನೆಯಲ್ಲಿ ಇದ್ದು ಬರುತ್ತೇನೆಂದು ಬಟ್ಟೆಯ ಗಂಟು ಹಿಡಿದು ಟೆಂಪೋ ಹತ್ತಿದಳು. ಗೌಡರು ಮುಂದಿನ ಸೀಟನ್ನು ಅವಳಿಗೆ ಬಿಟ್ಟುಕೊಟ್ಟು ಹಿಂದೆ ಚೀಲಗಳ ಮೇಲೆ ಕುಳಿತರು. ಇಳಿಸಂಜೆಯ ಗಾಳಿಗೆ ಅವಳಿಗೆ ಒಳ್ಳೆಯ ನಿದ್ದೆ ಹತ್ತಿತು.

ಮಾರನೆಯ ದಿನ ಅಂಗನವಾಡಿ ಬಿಟ್ಟು ಬಂದ ಮಗಳಿಗೆ ಅವಳು ಕಾಫಿ ಕುಡಿಯುತ್ತ ಇನ್ನೊಂದು ಸುದ್ದಿ ಹೇಳಿದಳು. ಹಿರೇಬನ್ನಿಯ ಕೆರೆ ಏರಿಯ ಮೇಲೂ ಅಂಥದೇ ಒಂದು ಕಲ್ಲಿದೆ. ಅದರ ಮೇಲೆ ಲಿಂಗವಿಲ್ಲ, ಛತ್ರಿ ಹಿಡಿದ ಕುಳ್ಳನೊಬ್ಬ ಇದ್ದಾನೆ. ಅವನು ಯಾರೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಕರಿಯಕ್ಕ ಕಾಫಿಯ ಲೋಟ ಕೆಳಗಿಟ್ಟು ಶಶಿಕಾಂತ್ ಮೇಷ್ಟ್ರಿಗೆ ಫೋನು ಹಚ್ಚಿದಳು. ಅವರು ಎತ್ತುವಷ್ಟರಲ್ಲಿ ಅಂಗಳದಲ್ಲಿ ಟೆಂಪೋ ತೊಳೆಯುತ್ತಿದ್ದ ಗಂಡನನ್ನು ಕರೆದು, ಬರುವ ಭಾನುವಾರ ಯಾವ ಬಾಡಿಗೆಯನ್ನೂ ಒಪ್ಪಿಕೊಳ್ಳಬೇಡಿ ಎಂದಳು.